ಸಬ್‌ಕ್ಲಾಸ್ ಬರೆಯುವಾಗ ಕನ್‌ಸ್ಟ್ರಕ್ಟರ್‌ನ ಆರ್ಗ್ಯುಮೆಂಟ್‌ಗಳನ್ನು ನಿಭಾಯಿಸುವ ಬಗೆ: ಮಲ್ಪೆಯ ದೋಣಿಗಳ ಲೆಕ್ಕದಿಂದ ಒಂದು ಉದಾಹರಣೆ

ಮಲ್ಪೆ ಬಂದರಿನ ದಕ್ಕೆಯಲ್ಲಿ ನಿಂತವರಿಗೆ ಕಾಣುವುದೆಲ್ಲ ದೋಣಿಯೇ ಆದರೂ, ಲೆಕ್ಕ ಬರೆಯಲು ಕುಳಿತವರಿಗೆ ನಾಡದೋಣಿ ಬೇರೆ, ಟ್ರಾಲ್ ಬೋಟ್ ಬೇರೆ, ಪರ್ಸೀನ್ ಬೋಟ್ ಇನ್ನೂ ಬೇರೆ. ನೋಂದಣಿ ಸಂಖ್ಯೆ, ಮಾಲೀಕರ ಹೆಸರು, ಎಂಜಿನ್ನಿನ ಅಶ್ವಶಕ್ತಿ ಇವು ಎಲ್ಲದಕ್ಕೂ ಇರುತ್ತವೆ. ಬಲೆಯ ಕಣ್ಣಿನ ಅಳತೆ, ಐಸ್ ತುಂಬುವ ಕೋಣೆಯ ಗಾತ್ರ, ಕಡಲಿನಲ್ಲಿ ಎಷ್ಟು ದಿನ ನಿಲ್ಲಬಹುದು ಎಂಬ ವಿವರ ಕೆಲವಕ್ಕೆ ಮಾತ್ರ ಬೇಕಾಗುತ್ತದೆ. ಮಲ್ಪೆಯಲ್ಲಿ ಎರಡು ಬೋಟ್ ಇರುವ ನೆಂಟರೊಬ್ಬರಿಗೆ ಲೆಕ್ಕದ ಸಣ್ಣ ಪ್ರೋಗ್ರಾಂ ಬರೆದುಕೊಡಲು ಕುಳಿತಾಗ, ದೋಣಿ ಎಂಬ ಮೂಲ ಕ್ಲಾಸನ್ನೂ ಅದರ ಕೆಳಗೆ ಒಂದೊಂದು ಬಗೆಗೆ ಒಂದೊಂದು ಸಬ್‌ಕ್ಲಾಸನ್ನೂ ಇಟ್ಟರೆ ಸಾಕು ಎಂದು ನನಗೂ ಅನಿಸಿತ್ತು. ಕ್ಲಾಸುಗಳ ಹೆಸರು ಗುರುತಿಸಲು ಐದು ನಿಮಿಷ ಹಿಡಿಯಿತು. ಅವುಗಳ ಕನ್‌ಸ್ಟ್ರಕ್ಟರ್‌ಗಳನ್ನು, ಅಂದರೆ ಆಬ್ಜೆಕ್ಟ್ ತಯಾರಾಗುವಾಗ ಬೇಕಾದ ಬೆಲೆಗಳನ್ನು (ಆರ್ಗ್ಯುಮೆಂಟುಗಳನ್ನು) ಪಡೆದು ಅದರಲ್ಲಿ ಇಡುವ ಭಾಗಗಳನ್ನು, ಸರಿಪಡಿಸಲು ಎರಡು ಭಾನುವಾರಗಳು ಹೋದವು.

ಮುಂದಿನ ಉದಾಹರಣೆಗಳು ಪೈಥಾನ್‌ನವು. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ವೇರಿಯೆಬಲ್, ಮೆಥಡ್ ಮತ್ತು ಕ್ಲಾಸುಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲೇ ಬರೆಯಬಹುದು. ಕ್ಲಾಸ್, ಡೆಫ್, ಸೂಪರ್, ಇನಿಟ್, ಟ್ರೂ, ನನ್ ಮುಂತಾದ ಭಾಷೆಯದೇ ಪದಗಳನ್ನು ಮಾತ್ರ ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಇಲ್ಲಿ ಓದುವ ಅನುಕೂಲಕ್ಕಾಗಿ ಅವನ್ನೂ ಕನ್ನಡದಲ್ಲಿ ಕೊಟ್ಟಿದ್ದೇನೆ. ತಯಾರಾಗುತ್ತಿರುವ ಆಬ್ಜೆಕ್ಟನ್ನು ಸೂಚಿಸುವ ಸೆಲ್ಫ್ ಎಂಬುದು ಭಾಷೆಯ ಪದವಲ್ಲ, ಬರೀ ರೂಢಿ. ಆದ್ದರಿಂದ ಅದರ ಜಾಗದಲ್ಲಿ ‘ತಾನು’ ಎಂದು ಬರೆದಿದ್ದೇನೆ, ಅದು ಹಾಗೆಯೇ ನಡೆಯುತ್ತದೆ. ಒಂದು ಎಚ್ಚರಿಕೆ: ಕನ್ನಡ ಕೀಬೋರ್ಡಿನಲ್ಲಿ ಒತ್ತಕ್ಷರ ಮೂಡದಂತೆ ತಡೆಯಲು ನಾವು ಹಾಕುವ ಕಣ್ಣಿಗೆ ಕಾಣದ ಅಕ್ಷರವನ್ನು ಪೈಥಾನ್ ಹೆಸರುಗಳ ಒಳಗೆ ಒಪ್ಪುವುದಿಲ್ಲ, ಅಂಥ ಅಕ್ಷರ ಬೇಕಾಗದ ಹೆಸರುಗಳನ್ನೇ ಆರಿಸಿಕೊಳ್ಳಬೇಕು.

ಪೈಥಾನ್‌ನಲ್ಲಿ ಕನ್‌ಸ್ಟ್ರಕ್ಟರ್‌ನ ಕೆಲಸ ಮಾಡುವುದು ಇನಿಟ್ ಎಂಬ ಮೆಥಡ್; ಸಬ್‌ಕ್ಲಾಸಿನಿಂದ ಮೂಲ ಕ್ಲಾಸಿನ ಇನಿಟ್ ಅನ್ನು ಕರೆಯುವುದು ಸೂಪರ್ ಮೂಲಕ. ಮೂಲ ಕ್ಲಾಸ್ ಹೀಗಿರಲಿ:

    ಕ್ಲಾಸ್ ದೋಣಿ:
        ಡೆಫ್ __ಇನಿಟ್__(ತಾನು, ನೋಂದಣಿ, ಮಾಲೀಕ, ಅಶ್ವಶಕ್ತಿ, ಗರಿಷ್ಠ_ದಿನ, ನಿಷೇಧ_ಉಂಟು):
            ತಾನು.ನೋಂದಣಿ = ನೋಂದಣಿ
            ತಾನು.ಮಾಲೀಕ = ಮಾಲೀಕ
            ತಾನು.ಅಶ್ವಶಕ್ತಿ = ಅಶ್ವಶಕ್ತಿ
            ತಾನು.ಗರಿಷ್ಠ_ದಿನ = ಗರಿಷ್ಠ_ದಿನ
            ತಾನು.ನಿಷೇಧ_ಉಂಟು = ನಿಷೇಧ_ಉಂಟು

ಕೊನೆಯ ಆರ್ಗ್ಯುಮೆಂಟಿನ ಅರ್ಥವನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಆ ನಿಷೇಧ ಅನ್ವಯಿಸುವುದಿಲ್ಲ. ಈ ಒಂದು ನಿಯಮವೇ ಮುಂದೆ ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಏನೂ ಬರೆಯದಿದ್ದರೆ ಏನಾಗುತ್ತದೆ

ಸಬ್‌ಕ್ಲಾಸಿನಲ್ಲಿ ಇನಿಟ್ ಬರೆಯದೇ ಬಿಟ್ಟರೆ ಪೈಥಾನ್ ಮೂಲ ಕ್ಲಾಸಿನ ಇನಿಟ್ ಅನ್ನೇ ಹುಡುಕಿ ತೆಗೆದು ಕರೆಯುತ್ತದೆ. ಪರ್ಸೀನ್ ಬೋಟಿಗೆ ಹೊಸ ವಿವರ ಯಾವುದೂ ಬೇಡ, ಒಂದೆರಡು ಮೆಥಡ್ ಮಾತ್ರ ಬೇರೆ ಎಂದಾದರೆ ಕನ್‌ಸ್ಟ್ರಕ್ಟರ್ ಬರೆಯುವ ಗೊಡವೆಗೇ ಹೋಗಬಾರದು. ಬಂದ ಆರ್ಗ್ಯುಮೆಂಟುಗಳನ್ನು ಹಾಗೆಯೇ ಮೇಲಕ್ಕೆ ದಾಟಿಸುವುದನ್ನು ಬಿಟ್ಟು ಬೇರೇನೂ ಮಾಡದ ಕನ್‌ಸ್ಟ್ರಕ್ಟರ್ ಯಾವ ಉಪಕಾರವನ್ನೂ ಮಾಡುವುದಿಲ್ಲ. ನಾಳೆ ಮೂಲ ಕ್ಲಾಸಿಗೆ ಇನ್ನೊಂದು ಆರ್ಗ್ಯುಮೆಂಟ್ ಸೇರಿಸಿದಾಗ ತಿದ್ದಬೇಕಾದ ಜಾಗಗಳು ಒಂದು ಹೆಚ್ಚಾಗುತ್ತವೆ, ಅಷ್ಟೆ.

ಸಬ್‌ಕ್ಲಾಸಿನಲ್ಲಿ ಇನಿಟ್ ಬರೆದ ಕ್ಷಣದಿಂದ ಮೂಲ ಕ್ಲಾಸಿನ ಇನಿಟ್ ಮರೆಯಾಗುತ್ತದೆ. ಅದನ್ನು ನೀವಾಗಿ ಕರೆಯದ ಹೊರತು ಯಾರೂ ಕರೆಯುವುದಿಲ್ಲ. ಹೊಸಬರು ಎಡವುವುದು ಇಲ್ಲೇ, ಮತ್ತು ಎಡವಿದ್ದು ಅಲ್ಲೇ ಗೊತ್ತಾಗುವುದಿಲ್ಲ ಎಂಬುದೇ ಇದರ ತೊಂದರೆ. ಟ್ರಾಲರ್ ಎಂಬ ಸಬ್‌ಕ್ಲಾಸಿನಲ್ಲಿ ಬಲೆಯ ಕಣ್ಣಿನ ಅಳತೆಯನ್ನು ಮಾತ್ರ ಇಟ್ಟುಕೊಂಡು ಸೂಪರ್ ಕರೆಯಲು ಮರೆತರೆ, ಆಬ್ಜೆಕ್ಟ್ ಸುಮ್ಮನೆ ತಯಾರಾಗುತ್ತದೆ, ಪಟ್ಟಿಗೂ ಸೇರುತ್ತದೆ. ಸಂಜೆ ಮಾಲೀಕರ ಹೆಸರಿನಲ್ಲಿ ಲೆಕ್ಕ ಮುದ್ರಿಸುವ ಮೆಥಡ್ ಓಡಿದಾಗ, ಮಾಲೀಕ ಎಂಬ ಆಟ್ರಿಬ್ಯೂಟ್ ಇಲ್ಲವೆಂಬ ದೂರು ಬರುತ್ತದೆ. ದೂರು ಬಂದ ಸಾಲಿನಲ್ಲಿ ತಪ್ಪೇನೂ ಇರುವುದಿಲ್ಲವಾದ್ದರಿಂದ ಅದನ್ನೇ ದಿಟ್ಟಿಸುತ್ತ ಕೂರಬಾರದು. ಆ ಆಬ್ಜೆಕ್ಟ್ ಹುಟ್ಟಿದ ಕ್ಲಾಸಿನ ಇನಿಟ್ ತೆರೆದು ಸೂಪರ್ ಇದೆಯೇ ಎಂದು ಮೊದಲು ನೋಡಬೇಕು.

ಜಾವಾದಲ್ಲಿ ಈ ತಪ್ಪು ಇಷ್ಟು ಹೊತ್ತು ಅಡಗಿರುವುದಿಲ್ಲ. ಅಲ್ಲಿ ಕನ್‌ಸ್ಟ್ರಕ್ಟರ್‌ಗಳು ವಂಶಪಾರಂಪರ್ಯವಾಗಿ ಬರುವುದೇ ಇಲ್ಲ. ಸೂಪರ್ ಎಂದು ನೀವು ಬರೆಯದಿದ್ದರೆ, ಆರ್ಗ್ಯುಮೆಂಟ್ ಇಲ್ಲದ ಸೂಪರ್ ಕರೆಯೊಂದನ್ನು ಕಂಪೈಲರೇ ಸೇರಿಸುತ್ತದೆ. ಮೂಲ ಕ್ಲಾಸಿನಲ್ಲಿ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇಲ್ಲವಾದರೆ ಕಂಪೈಲ್ ಆಗುವುದಿಲ್ಲ. ಆ ದೂರನ್ನು ಬಾಯಿ ಮುಚ್ಚಿಸಲು ಮೂಲ ಕ್ಲಾಸಿಗೆ ಖಾಲಿ ಕನ್‌ಸ್ಟ್ರಕ್ಟರ್ ಒಂದನ್ನು ಸೇರಿಸಿಬಿಡುವ ಅಭ್ಯಾಸವನ್ನು ಕಾಲೇಜಿನ ಪ್ರಾಜೆಕ್ಟುಗಳಲ್ಲಿ ಬಹಳ ಕಂಡಿದ್ದೇನೆ. ಅದು ಮದ್ದಲ್ಲ. ನೋಂದಣಿ ಸಂಖ್ಯೆಯೇ ಇಲ್ಲದ ದೋಣಿಗೆ ದಕ್ಕೆಯಲ್ಲಿ ಜಾಗ ಕೊಟ್ಟಂತೆ ಅದು.

ಪ್ರತಿಯೊಂದು ಆರ್ಗ್ಯುಮೆಂಟಿನ ಗತಿಯನ್ನು ಮೊದಲೇ ನಿರ್ಧರಿಸುವುದು

ಸಬ್‌ಕ್ಲಾಸಿನ ಕನ್‌ಸ್ಟ್ರಕ್ಟರ್ ಟೈಪ್ ಮಾಡುವ ಮೊದಲು ಮೂಲ ಕ್ಲಾಸಿನ ಆರ್ಗ್ಯುಮೆಂಟುಗಳನ್ನು ಕಾಗದದ ಮೇಲೆ ಒಂದರ ಕೆಳಗೆ ಒಂದು ಬರೆದು, ಪ್ರತಿಯೊಂದರ ಎದುರು ಇದರ ಬೆಲೆ ಎಲ್ಲಿಂದ ಬರಬೇಕು ಎಂದು ಗುರುತು ಹಾಕಿಕೊಳ್ಳಬೇಕು. ಸಾಧ್ಯತೆಗಳು ಮೂರೇ. ಆಬ್ಜೆಕ್ಟ್ ಮಾಡುವವರನ್ನೇ ಕೇಳಿ ಮೇಲಕ್ಕೆ ದಾಟಿಸಬಹುದು. ಸಬ್‌ಕ್ಲಾಸ್ ತಾನೇ ಒಂದು ಬೆಲೆಯನ್ನು ಗಟ್ಟಿಮಾಡಿ ಕೊಡಬಹುದು. ಅಥವಾ ಬೇರೆ ಆರ್ಗ್ಯುಮೆಂಟುಗಳಿಂದ ಲೆಕ್ಕ ಹಾಕಿ ಕೊಡಬಹುದು. ಈ ವಿಷಯದಲ್ಲಿ ನನಗೆ ಹೇಳಲಿಕ್ಕಿರುವ ಮುಖ್ಯ ಮಾತು ಇದೊಂದೇ: ಮೇಲಿನ ಆರ್ಗ್ಯುಮೆಂಟುಗಳ ಪಟ್ಟಿಯನ್ನು ಕಣ್ಣು ಮುಚ್ಚಿ ಕೆಳಗೆ ನಕಲು ಮಾಡುವವರು ಮೂರನ್ನೂ ಮೊದಲನೆಯದೇ ಎಂದು ಭಾವಿಸಿರುತ್ತಾರೆ.

ನಾಡದೋಣಿಯನ್ನು ನೋಡೋಣ. ನೋಂದಣಿ, ಮಾಲೀಕ ಮತ್ತು ಅಶ್ವಶಕ್ತಿ ದೋಣಿಯಿಂದ ದೋಣಿಗೆ ಬದಲಾಗುತ್ತವೆ, ಆದ್ದರಿಂದ ಕೇಳಲೇಬೇಕು. ನಮ್ಮ ಲೆಕ್ಕದ ಮಟ್ಟಿಗೆ ನಾಡದೋಣಿ ಹೋದ ದಿನವೇ ಮರಳುವಂಥದು, ಆದ್ದರಿಂದ ಗರಿಷ್ಠ ದಿನ 1 ಎಂದು ಗಟ್ಟಿ. ನಿಷೇಧ ಅನ್ವಯಿಸುತ್ತದೆಯೇ ಎಂಬುದನ್ನು ಅಶ್ವಶಕ್ತಿಯೇ ಹೇಳುತ್ತದೆ.

    ಕ್ಲಾಸ್ ನಾಡದೋಣಿ(ದೋಣಿ):
        ಡೆಫ್ __ಇನಿಟ್__(ತಾನು, ನೋಂದಣಿ, ಮಾಲೀಕ, ಅಶ್ವಶಕ್ತಿ):
            ಸೂಪರ್().__ಇನಿಟ್__(
                ನೋಂದಣಿ, ಮಾಲೀಕ, ಅಶ್ವಶಕ್ತಿ,
                ಗರಿಷ್ಠ_ದಿನ=1,
                ನಿಷೇಧ_ಉಂಟು=(ಅಶ್ವಶಕ್ತಿ > 10),
            )

ಐದು ಆರ್ಗ್ಯುಮೆಂಟುಗಳ ಮೂಲ ಕ್ಲಾಸಿನಿಂದ ಮೂರೇ ಆರ್ಗ್ಯುಮೆಂಟುಗಳ ಸಬ್‌ಕ್ಲಾಸ್ ಹುಟ್ಟಿತು. ಸಬ್‌ಕ್ಲಾಸಿಗೆ ಆರ್ಗ್ಯುಮೆಂಟುಗಳು ಯಾವಾಗಲೂ ಹೆಚ್ಚೇ ಇರಬೇಕೆಂಬ ಭಾವನೆ ಹಲವರಲ್ಲಿ ಇದೆ. ವಿಶೇಷವಾದ ವಸ್ತುವಿನ ಬಗ್ಗೆ ನಮಗೆ ಮೊದಲೇ ಹೆಚ್ಚು ತಿಳಿದಿರುವುದರಿಂದ ಕೇಳಬೇಕಾದದ್ದು ಎಷ್ಟೋ ಸಲ ಕಡಿಮೆಯಾಗುತ್ತದೆ. ನಿಷೇಧದ ಬೆಲೆಯನ್ನು ಕೂಡ ಆರ್ಗ್ಯುಮೆಂಟಾಗಿ ಕೇಳಿದ್ದರೆ, ಒಂದೇ ಸಂಗತಿಯನ್ನು ಎರಡು ಸಲ ಹೇಳಿಸಿಕೊಂಡಂತಾಗಿ, 25 ಅಶ್ವಶಕ್ತಿಯ ಎಂಜಿನ್ ಹೇಳಿ ನಿಷೇಧ ಇಲ್ಲ ಎಂದು ಬರೆಯುವವರನ್ನು ತಡೆಯಲು ಇನ್ನೊಂದು ಪರೀಕ್ಷೆ ಬೇಕಾಗುತ್ತಿತ್ತು.

ಟ್ರಾಲರ್‌ನಲ್ಲಿ ಹಂಚಿಕೆ ಬೇರೆ. ನಿಷೇಧ ಗಟ್ಟಿ, ಗರಿಷ್ಠ ದಿನ ಕೇಳಬೇಕಾದದ್ದು, ಬಲೆಯ ಕಣ್ಣು ಹೊಸದು.

    ಕ್ಲಾಸ್ ಟ್ರಾಲರ್(ದೋಣಿ):
        ಡೆಫ್ __ಇನಿಟ್__(ತಾನು, ನೋಂದಣಿ, ಮಾಲೀಕ, ಅಶ್ವಶಕ್ತಿ, ಗರಿಷ್ಠ_ದಿನ, *, ಬಲೆಯ_ಕಣ್ಣು):
            ಸೂಪರ್().__ಇನಿಟ್__(ನೋಂದಣಿ, ಮಾಲೀಕ, ಅಶ್ವಶಕ್ತಿ, ಗರಿಷ್ಠ_ದಿನ, ನಿಷೇಧ_ಉಂಟು=ಟ್ರೂ)
            ತಾನು.ಬಲೆಯ_ಕಣ್ಣು = ಬಲೆಯ_ಕಣ್ಣು

ನಡುವೆ ಒಂಟಿಯಾಗಿ ನಿಂತಿರುವ ನಕ್ಷತ್ರ ಚಿಹ್ನೆಯ ನಂತರದ ಆರ್ಗ್ಯುಮೆಂಟನ್ನು ಹೆಸರು ಹೇಳಿಯೇ ಕೊಡಬೇಕು. ಗರಿಷ್ಠ ದಿನವೂ ಬಲೆಯ ಕಣ್ಣೂ ಬರೀ ಸಂಖ್ಯೆಗಳಾದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕುಳಿತರೆ ಪೈಥಾನ್‌ಗೆ ತಿಳಿಯುವುದಿಲ್ಲ. 35 ದಿನ ಕಡಲಿನಲ್ಲಿ ಇರುವ, 10 ಮಿಲಿಮೀಟರ್ ಕಣ್ಣಿನ ಬಲೆಯ ಬೋಟ್ ತಯಾರಾಗಿಬಿಡುತ್ತದೆ. ಸಬ್‌ಕ್ಲಾಸ್ ತಾನಾಗಿ ಸೇರಿಸುವ ಪ್ರತಿಯೊಂದು ಆರ್ಗ್ಯುಮೆಂಟನ್ನೂ ಹೀಗೆ ಹೆಸರಿನಿಂದಲೇ ಕೇಳುವುದು ಒಳ್ಳೆಯದು ಎಂಬುದು ನನ್ನ ಅನುಭವ. ಮುಂದೊಮ್ಮೆ ಮೂಲ ಕ್ಲಾಸಿಗೆ ಆರನೆಯ ಆರ್ಗ್ಯುಮೆಂಟ್ ಬಂದಾಗ ಜಾಗದ ಎಣಿಕೆ ತಪ್ಪಿ ಎಲ್ಲ ಕಲಸಿಹೋಗುವ ಭಯವೂ ಇದರಿಂದ ತಗ್ಗುತ್ತದೆ.

ಸೂಪರ್ ಮೊದಲೋ, ಆಮೇಲೋ

ಪೈಥಾನ್‌ನಲ್ಲಿ ಸೂಪರ್ ಕರೆ ಎಲ್ಲಿ ಬೇಕಾದರೂ ಇರಬಹುದು, ಆದರೂ ಅದನ್ನು ಮೊದಲಿಗೆ ಇಡುವುದೇ ವಾಡಿಕೆ. ಬಂದ ಬೆಲೆಯನ್ನು ಪರೀಕ್ಷಿಸುವುದು ಅಥವಾ ಮೇಲಕ್ಕೆ ಕೊಡಬೇಕಾದ ಬೆಲೆಯನ್ನು ಲೆಕ್ಕ ಹಾಕುವುದು ಇದ್ದಾಗ ಆ ಕೆಲಸ ಮುಗಿಸಿ ಸೂಪರ್ ಕರೆಯುವುದರಲ್ಲಿ ತಪ್ಪಿಲ್ಲ. ಅಶ್ವಶಕ್ತಿ ಸೊನ್ನೆಗಿಂತ ಕಡಿಮೆ ಇದ್ದರೆ ತಕರಾರು ಎತ್ತುವಂಥ, ಎಲ್ಲ ದೋಣಿಗೂ ಸಲ್ಲುವ ಪರೀಕ್ಷೆಗಳನ್ನು ಮೂಲ ಕ್ಲಾಸಿನಲ್ಲೇ ಇಡಬೇಕು. ಸಬ್‌ಕ್ಲಾಸಿನಲ್ಲಿ ಅದನ್ನು ಮತ್ತೆ ಬರೆಯಬಾರದು.

ಜಾವಾದಲ್ಲಿ ಬಹುಕಾಲ ಸೂಪರ್ ಕರೆ ಕನ್‌ಸ್ಟ್ರಕ್ಟರ್‌ನ ಮೊದಲ ಹೇಳಿಕೆಯೇ ಆಗಿರಬೇಕೆಂಬ ಕಟ್ಟುನಿಟ್ಟು ಇತ್ತು. ಆರ್ಗ್ಯುಮೆಂಟನ್ನು ಪರೀಕ್ಷಿಸಲು ಸ್ಟಾಟಿಕ್ ಮೆಥಡ್ ಒಂದನ್ನು ಬರೆದು ಸೂಪರ್‌ನ ಆವರಣದ ಒಳಗೇ ಅದನ್ನು ಕರೆಯುವ ಉಪಾಯವನ್ನು ಹಳೆಯ ಕೋಡ್‌ನಲ್ಲಿ ಈಗಲೂ ಕಾಣಬಹುದು. 2025ರ ಜಾವಾ 25ರಿಂದ ಆ ಕಟ್ಟು ಸಡಿಲವಾಗಿದೆ. ತಯಾರಾಗುತ್ತಿರುವ ಆಬ್ಜೆಕ್ಟನ್ನು ಬಳಸದ ಹೇಳಿಕೆಗಳನ್ನು ಸೂಪರ್‌ಗೆ ಮುಂಚೆಯೂ ಬರೆಯಬಹುದು. ಜಾವಾಸ್ಕ್ರಿಪ್ಟ್‌ನಲ್ಲಿ ಕ್ಲಾಸ್ ಪದ ಬಂದ 2015ರಿಂದಲೂ ನಿಯಮ ಹೆಚ್ಚುಕಡಿಮೆ ಹೀಗೆಯೇ ಇದೆ: ಸೂಪರ್‌ಗೆ ಮುಂಚೆ ಬೇರೆ ಕೆಲಸ ಮಾಡಬಹುದು, ಸೆಲ್ಫ್‌ನ ಜಾಗದಲ್ಲಿ ಅಲ್ಲಿರುವ ದಿಸ್ ಅನ್ನು ಮುಟ್ಟಿದರೆ ಮಾತ್ರ ಎರರ್ ಬರುತ್ತದೆ.

ಕ್ರಮದ ವಿಚಾರದಲ್ಲಿ ನಿಜವಾಗಿ ಕಾಡುವುದು ಇನ್ನೊಂದು. ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್‌ನ ಒಳಗಿನಿಂದ, ಸಬ್‌ಕ್ಲಾಸ್ ಬದಲಿಸಿ ಬರೆಯಬಹುದಾದ ಮೆಥಡನ್ನು ಕರೆಯಬಾರದು. ದೋಣಿಯ ಇನಿಟ್ ಕೊನೆಯಲ್ಲಿ ತಾನು.ವಿವರ() ಎಂದು ಕರೆದು ಫಲಕದ ಬರಹವನ್ನು ತಯಾರಿಸುತ್ತದೆ ಎಂದುಕೊಳ್ಳಿ. ಟ್ರಾಲರ್ ಆ ವಿವರವನ್ನು ಬದಲಿಸಿ ಬಲೆಯ ಕಣ್ಣನ್ನೂ ಸೇರಿಸಿದೆ. ಟ್ರಾಲರ್‌ನ ಇನಿಟ್ ಮೊದಲು ಸೂಪರ್ ಕರೆಯುತ್ತದೆ, ಸೂಪರ್ ಟ್ರಾಲರ್‌ನ ವಿವರವನ್ನು ಕರೆಯುತ್ತದೆ, ಬಲೆಯ ಕಣ್ಣು ಎಂಬ ಆಟ್ರಿಬ್ಯೂಟ್ ಇನ್ನೂ ಹುಟ್ಟಿಯೇ ಇಲ್ಲ. ಪೈಥಾನ್ ಇಲ್ಲಿ ಎರರ್ ಕೊಟ್ಟು ನಿಲ್ಲುತ್ತದೆ. ಜಾವಾ ನಿಲ್ಲುವುದೂ ಇಲ್ಲ, ಆ ಜಾಗದಲ್ಲಿ ಸೊನ್ನೆಯನ್ನೋ ನಲ್ ಅನ್ನೋ ಓದಿಕೊಂಡು ಮುಂದೆ ಹೋಗುತ್ತದೆ. ಸಿ ಪ್ಲಸ್ ಪ್ಲಸ್ ಮೂರನೆಯ ದಾರಿ ಹಿಡಿದು, ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್ ನಡೆಯುತ್ತಿರುವಷ್ಟು ಹೊತ್ತೂ ಮೂಲ ಕ್ಲಾಸಿನ ವಿವರವನ್ನೇ ಕರೆಯುತ್ತದೆ. ಒಂದೇ ಕೋಡ್ ಮೂರು ಭಾಷೆಗಳಲ್ಲಿ ಮೂರು ಬಗೆಯಾಗಿ ನಡೆಯುವುದರಿಂದ, ಭಾಷೆಯ ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಅಂಥ ಕರೆಯನ್ನು ಕನ್‌ಸ್ಟ್ರಕ್ಟರ್‌ನಿಂದ ಹೊರಗಿಡುವುದು ಸುಲಭ. ಫಲಕದ ಬರಹ ಬೇಕಾದಾಗ ಅದನ್ನು ಆಗಲೇ ತಯಾರಿಸಿಕೊಂಡರಾಯಿತು.

ಡೀಫಾಲ್ಟ್ ಬೆಲೆಗಳ ಬಗ್ಗೆ

ನನ್ನ ಎರಡನೆಯ ಭಾನುವಾರವನ್ನು ತಿಂದದ್ದು ಇದು. ದೋಣಿಯ ಕನ್‌ಸ್ಟ್ರಕ್ಟರ್‌ಗೆ ‘ಸಿಬ್ಬಂದಿ’ ಎಂಬ ಇನ್ನೊಂದು ಆರ್ಗ್ಯುಮೆಂಟ್ ಸೇರಿಸಿ, ಯಾರೂ ಕೊಡದಿದ್ದರೆ ಖಾಲಿ ಪಟ್ಟಿ ಇರಲಿ ಎಂದು ಸಿಬ್ಬಂದಿ=[] ಎಂದು ಬರೆದಿದ್ದೆ. ನೆಂಟರ ಮೊದಲ ಬೋಟಿಗೆ ತಾಂಡೇಲರನ್ನೂ (ಬೋಟ್ ನಡೆಸುವವರು) ಉಳಿದವರನ್ನೂ ಸೇರಿಸಿದೆ. ಎರಡನೆಯ ಬೋಟಿನ ಪಾಲಿನ ಲೆಕ್ಕ ತೆಗೆದಾಗ ಮೊದಲನೆಯ ಬೋಟಿನವರೆಲ್ಲ ಅಲ್ಲಿಯೂ ಹಾಜರಿದ್ದರು. ಪೈಥಾನ್‌ನಲ್ಲಿ ಡೀಫಾಲ್ಟ್ ಬೆಲೆ ತಯಾರಾಗುವುದು ಡೆಫ್ ಸಾಲು ಓಡಿದಾಗ ಒಂದೇ ಸಲ. ಆಬ್ಜೆಕ್ಟ್ ಮಾಡುವ ಪ್ರತಿ ಸಲ ಹೊಸ ಪಟ್ಟಿ ಹುಟ್ಟುವುದಿಲ್ಲ. ಎರಡು ಬೋಟುಗಳೂ ಒಂದೇ ಪಟ್ಟಿಯನ್ನು ಹಿಡಿದುಕೊಂಡಿದ್ದವು. ಇದು ಸಬ್‌ಕ್ಲಾಸುಗಳಿಗೆ ಮಾತ್ರ ಸೀಮಿತವಾದ ದೋಷವಲ್ಲ, ಆದರೆ ಮೂಲ ಕ್ಲಾಸಿನಲ್ಲಿ ಒಮ್ಮೆ ನುಸುಳಿದರೆ ಸಬ್‌ಕ್ಲಾಸುಗಳ ಮೂಲಕ ಇಡೀ ಬಂದರಿಗೆ ಹಬ್ಬುತ್ತದೆ. ಡೀಫಾಲ್ಟ್ ಆಗಿ ‘ಏನೂ ಇಲ್ಲ’ ಎಂದು ಸೂಚಿಸುವ ನನ್ ಇಟ್ಟು, ಇನಿಟ್‌ನ ಒಳಗೆ ನನ್ ಬಂದಿದ್ದರೆ ಹೊಸ ಪಟ್ಟಿ ಮಾಡುವುದು, ಕೊಟ್ಟಿದ್ದರೆ ಅದರ ನಕಲು ಇಟ್ಟುಕೊಳ್ಳುವುದು ಸರಿಯಾದ ಕ್ರಮ:

    ತಾನು.ಸಿಬ್ಬಂದಿ = [] ಇಫ್ ಸಿಬ್ಬಂದಿ ಈಸ್ ನನ್ ಎಲ್ಸ್ ಲಿಸ್ಟ್(ಸಿಬ್ಬಂದಿ)

ಸಬ್‌ಕ್ಲಾಸುಗಳಿಗೇ ವಿಶಿಷ್ಟವಾದ ತೊಂದರೆ ಡೀಫಾಲ್ಟ್ ಬೆಲೆಯ ನಕಲಿನದು. ಮೂಲ ಕ್ಲಾಸಿನಲ್ಲಿ ಗರಿಷ್ಠ_ದಿನ=10 ಎಂದಿದೆ, ಟ್ರಾಲರ್‌ನಲ್ಲಿಯೂ ಹಾಗೆಯೇ ಬರೆದು ಮೇಲಕ್ಕೆ ದಾಟಿಸಿದ್ದೀರಿ. ಆರು ತಿಂಗಳ ನಂತರ ಮೇಲಿನದನ್ನು 12 ಮಾಡಿದರೆ ಟ್ರಾಲರ್ ಹಳೆಯ 10ರಲ್ಲೇ ನಿಲ್ಲುತ್ತದೆ, ಎರರ್ ಬರುವುದಿಲ್ಲ. ಬೆಲೆಯನ್ನು ಒಂದೇ ಕಡೆ ಇಡಬೇಕು. ಕ್ಲಾಸಿನ ಮಟ್ಟದಲ್ಲಿ ಒಂದು ಹೆಸರಿಗೆ ಅದನ್ನು ಕೊಟ್ಟು, ಕನ್‌ಸ್ಟ್ರಕ್ಟರ್‌ಗಳಲ್ಲಿ ನನ್ ಬಂದಾಗ ಆ ಹೆಸರನ್ನು ನೋಡುವಂತೆ ಮಾಡಿದರೆ, ಬೇರೆ ಡೀಫಾಲ್ಟ್ ಬೇಕಾದ ಸಬ್‌ಕ್ಲಾಸ್ ಆ ಹೆಸರನ್ನಷ್ಟೇ ತನ್ನಲ್ಲಿ ಬದಲಿಸಿಕೊಳ್ಳಬಹುದು. ಕನ್‌ಸ್ಟ್ರಕ್ಟರ್ ಬರೆಯಬೇಕಾಗಿಯೇ ಇಲ್ಲ.

ಉಳಿದವನ್ನೆಲ್ಲ ಮೇಲಕ್ಕೆ ಕಳುಹಿಸುವುದು

ಎರಡು ನಕ್ಷತ್ರ ಚಿಹ್ನೆಗಳೊಂದಿಗೆ ಒಂದು ಹೆಸರು ಬರೆದರೆ, ಬೇರೆಲ್ಲೂ ಹಿಡಿಸದ ಹೆಸರುಳ್ಳ ಆರ್ಗ್ಯುಮೆಂಟುಗಳೆಲ್ಲ ಅದರಲ್ಲಿ ಸೇರುತ್ತವೆ, ಅವನ್ನು ಹಾಗೆಯೇ ಸೂಪರ್‌ಗೆ ಒಪ್ಪಿಸಬಹುದು. ಇದನ್ನು ಕಲಿತವರು ಎಲ್ಲ ಕಡೆಯೂ ಬಳಸತೊಡಗುತ್ತಾರೆ, ನಾನೂ ಬಳಸಿದ್ದೆ. ಮೂಲ ಕ್ಲಾಸ್ ಬದಲಾದರೂ ಸಬ್‌ಕ್ಲಾಸನ್ನು ಮುಟ್ಟಬೇಕಾಗಿಲ್ಲ ಎಂಬ ಸುಖ ಇದರಲ್ಲಿ ಇದೆ. ಆದರೆ ಟ್ರಾಲರ್ ಮಾಡಲು ಏನೇನು ಕೊಡಬೇಕು ಎಂದು ಅದರ ಮೊದಲ ಸಾಲು ನೋಡಿ ತಿಳಿಯುವ ಅನುಕೂಲ ಹೋಗುತ್ತದೆ, ಎಡಿಟರ್ ಕೊಡುವ ಸೂಚನೆಗಳೂ ಮಂಕಾಗುತ್ತವೆ. ಒಂದೇ ಮೂಲ ಕ್ಲಾಸ್, ನಾಲ್ಕೈದು ಆರ್ಗ್ಯುಮೆಂಟ್ ಇರುವಲ್ಲಿ ಹೆಸರುಗಳನ್ನು ಬಿಡಿಸಿ ಬರೆಯುವ ಶ್ರಮ ಯೋಗ್ಯವಾದದ್ದೇ.

ಒಂದಕ್ಕಿಂತ ಹೆಚ್ಚು ಮೂಲ ಕ್ಲಾಸುಗಳು ಇರುವಲ್ಲಿ ಮಾತು ಬೇರೆ. ಅಲ್ಲಿ ಈ ವಿಧಾನವಿಲ್ಲದೆ ದಾರಿಯಿಲ್ಲ. ಐಸ್ ಕೋಣೆ ಟ್ರಾಲರ್‌ನಲ್ಲೂ ಇರಬಹುದು, ಪರ್ಸೀನ್‌ನಲ್ಲೂ ಇರಬಹುದು ಎಂದು ಅದನ್ನು ಪ್ರತ್ಯೇಕ ಕ್ಲಾಸ್ ಮಾಡಿದೆವು ಎನ್ನೋಣ.

    ಕ್ಲಾಸ್ ಐಸ್_ಕೋಣೆ:
        ಡೆಫ್ __ಇನಿಟ್__(ತಾನು, *, ಐಸ್_ಟನ್, **ಉಳಿದವು):
            ಸೂಪರ್().__ಇನಿಟ್__(**ಉಳಿದವು)
            ತಾನು.ಐಸ್_ಟನ್ = ಐಸ್_ಟನ್

    ಕ್ಲಾಸ್ ಆಳಕಡಲ_ಟ್ರಾಲರ್(ಐಸ್_ಕೋಣೆ, ಟ್ರಾಲರ್):
        ಪಾಸ್

ಐಸ್ ಕೋಣೆಗೆ ಮೂಲ ಕ್ಲಾಸ್ ಎಂದು ಯಾವುದನ್ನೂ ಹೇಳಿಲ್ಲ, ಆದರೂ ಅದರೊಳಗಿನ ಸೂಪರ್ ಕರೆ ಟ್ರಾಲರ್‌ನ ಇನಿಟ್ ಅನ್ನು ಮುಟ್ಟುತ್ತದೆ. ಸೂಪರ್ ಎಂದರೆ ‘ನನ್ನ ಮೇಲಿನವನು’ ಎಂದು ತಿಳಿದುಕೊಂಡವರಿಗೆ ಇದು ಒಗಟಿನಂತೆ ಕಾಣುತ್ತದೆ. ಸೂಪರ್ ಎಂದರೆ ‘ಸಾಲಿನಲ್ಲಿ ಮುಂದಿನವನು’ ಎಂದರ್ಥ. ತಯಾರಾಗುತ್ತಿರುವ ಆಬ್ಜೆಕ್ಟಿನ ಕ್ಲಾಸಿನಿಂದ ಹೊರಟು, ಎಲ್ಲ ಪೂರ್ವಜ ಕ್ಲಾಸುಗಳನ್ನು ಪೈಥಾನ್ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 2003ರ ಪೈಥಾನ್ 2.3ರಿಂದ ಈ ಸಾಲನ್ನು ನಿರ್ಧರಿಸುವುದು ಸಿ3 ಎಂಬ ವಿಧಾನ. ಇಲ್ಲಿನ ಸಾಲು ಆಳಕಡಲ ಟ್ರಾಲರ್, ಐಸ್ ಕೋಣೆ, ಟ್ರಾಲರ್, ದೋಣಿ, ಕೊನೆಗೆ ಎಲ್ಲಕ್ಕೂ ತಳಹದಿಯಾದ ಆಬ್ಜೆಕ್ಟ್ ಕ್ಲಾಸ್. ಯಾವ ಕ್ಲಾಸಿಗೂ ತನ್ನ ಮುಂದೆ ಯಾರು ನಿಲ್ಲುತ್ತಾರೆ ಎಂದು ಬರೆಯುವಾಗ ತಿಳಿದಿರುವುದಿಲ್ಲ. ಆದ್ದರಿಂದ ಪ್ರತಿಯೊಂದೂ ತನಗೆ ಬೇಕಾದ ಆರ್ಗ್ಯುಮೆಂಟನ್ನು ಹೆಸರಿನಿಂದ ತೆಗೆದುಕೊಂಡು ಉಳಿದವನ್ನು ಮುಂದಕ್ಕೆ ದಾಟಿಸಬೇಕು. ಈ ಬೋಟನ್ನು ತಯಾರಿಸುವಾಗಲೂ ನೋಂದಣಿಯಿಂದ ಹಿಡಿದು ಎಲ್ಲವನ್ನೂ ಹೆಸರು ಹೇಳಿಯೇ ಕೊಡಬೇಕು, ಏಕೆಂದರೆ ಐಸ್ ಕೋಣೆಯ ನಕ್ಷತ್ರ ಚಿಹ್ನೆ ಬರೀ ಜಾಗದಿಂದ ಬರುವುದನ್ನು ಒಪ್ಪುವುದಿಲ್ಲ.

ಮೂಲ ಕ್ಲಾಸುಗಳ ಕ್ರಮವನ್ನು ತಿರುಗಿಸಿ ಟ್ರಾಲರ್ ಮೊದಲು, ಐಸ್ ಕೋಣೆ ಆಮೇಲೆ ಎಂದು ಬರೆದರೆ ಮೇಲಿನ ಕೋಡ್ ಕೆಡುತ್ತದೆ. ಟ್ರಾಲರ್ ಉಳಿದವನ್ನು ಸ್ವೀಕರಿಸುವುದಿಲ್ಲ, ದೋಣಿ ಸೂಪರ್ ಕರೆಯುವುದೇ ಇಲ್ಲ. ಎರಡನ್ನೂ ತಿದ್ದಿ ಸರಪಳಿಗೆ ಸೇರಿಸಬಹುದು; ಇಲ್ಲವೇ ಐಸ್ ಕೋಣೆಯಂಥ ಸೇರ್ಪಡೆಯ ಕ್ಲಾಸುಗಳನ್ನು ಯಾವಾಗಲೂ ಎಡಗಡೆಯಲ್ಲಿ ಬರೆಯುವ ಶಿಸ್ತು ಇಟ್ಟುಕೊಳ್ಳಬಹುದು. ಉಳಿದವನ್ನು ದಾಟಿಸುವ ಸರಪಳಿಯಲ್ಲಿ ತಪ್ಪು ಕಾಗುಣಿತದ ಹೆಸರು ಎಲ್ಲೋ ನುಂಗಿಹೋಗುತ್ತದೆ ಎಂಬ ಭಯ ಬೇಡ. ಎಲ್ಲರೂ ಪ್ರಾಮಾಣಿಕವಾಗಿ ದಾಟಿಸಿದರೆ ಅದು ಕೊನೆಗೆ ಆಬ್ಜೆಕ್ಟ್ ಕ್ಲಾಸಿನ ಇನಿಟ್ ಮುಟ್ಟುತ್ತದೆ, ಅದು ಯಾವ ಹೆಚ್ಚಿನ ಆರ್ಗ್ಯುಮೆಂಟನ್ನೂ ಒಪ್ಪದೆ ಎರರ್ ಕೊಡುತ್ತದೆ. ಉಳಿದವು ಎಂಬುದನ್ನು ಸ್ವೀಕರಿಸಿ, ಮುಂದೆ ದಾಟಿಸದೆ ಬಿಸಾಡುವ ಕ್ಲಾಸ್ ಒಂದಿದ್ದರೆ ಮಾತ್ರ ತಪ್ಪು ಅಲ್ಲಿ ಮುಳುಗುತ್ತದೆ.

ರೂಬಿಯಿಂದ ಬಂದವರಿಗೆ ಒಂದು ಮಾತು. ಅಲ್ಲಿ ಆವರಣವಿಲ್ಲದ ಸೂಪರ್ ಬಂದ ಆರ್ಗ್ಯುಮೆಂಟುಗಳನ್ನೆಲ್ಲ ತಾನೇ ಮೇಲಕ್ಕೆ ಕೊಡುತ್ತದೆ, ಖಾಲಿ ಆವರಣವಿರುವ ಸೂಪರ್ ಏನನ್ನೂ ಕೊಡುವುದಿಲ್ಲ. ಪೈಥಾನ್‌ನಲ್ಲಿ ತಾನಾಗಿ ಏನೂ ಹೋಗುವುದಿಲ್ಲ.

ಇನಿಟ್ ತಲುಪುವ ಮೊದಲೇ ಮುಗಿದುಹೋಗುವ ಕೆಲಸ

ನೋಂದಣಿ ಸಂಖ್ಯೆಗೇ ಒಂದು ಕ್ಲಾಸ್ ಇರಲಿ, ಅದು ಪೈಥಾನ್‌ನ ಸ್ಟ್ರಿಂಗ್ (ಅಕ್ಷರಗಳ ಸಾಲು) ಕ್ಲಾಸಿನಿಂದ ಹುಟ್ಟಲಿ, ಬಂದರಿನ ಹೆಸರನ್ನೂ ಇಟ್ಟುಕೊಳ್ಳಲಿ ಎಂದು ಹೊರಟರೆ ಇಲ್ಲಿಯವರೆಗಿನ ವಿಧಾನ ನಡೆಯುವುದಿಲ್ಲ. ಸ್ಟ್ರಿಂಗ್, ಸಂಖ್ಯೆ, ಟ್ಯೂಪಲ್ ಇವು ಒಮ್ಮೆ ತಯಾರಾದ ಮೇಲೆ ಬದಲಾಗದವು. ಅವುಗಳ ಬೆಲೆ ನಿಗದಿಯಾಗುವುದು ಇನಿಟ್‌ಗೆ ಮುಂಚೆ ನಡೆಯುವ ‘ನ್ಯೂ’ ಎಂಬ ಮೆಥಡಿನಲ್ಲಿ. ಆಬ್ಜೆಕ್ಟಿಗೆ ಕೊಟ್ಟ ಎಲ್ಲ ಆರ್ಗ್ಯುಮೆಂಟುಗಳೂ ಮೊದಲು ನ್ಯೂಗೆ, ಆಮೇಲೆ ಇನಿಟ್‌ಗೆ ಹೋಗುತ್ತವೆ. ಬರೀ ಇನಿಟ್ ಬರೆದರೆ, ‘ಮಲ್ಪೆ’ ಎಂಬ ಎರಡನೆಯ ಆರ್ಗ್ಯುಮೆಂಟನ್ನು ಸ್ಟ್ರಿಂಗ್ ಕ್ಲಾಸಿನ ನ್ಯೂ ಎನ್‌ಕೋಡಿಂಗ್‌ನ ಹೆಸರೆಂದು ತಿಳಿದು ತಕರಾರು ತೆಗೆಯುತ್ತದೆ. ನ್ಯೂ ಅನ್ನೇ ಬರೆದು, ಸಂಖ್ಯೆಯನ್ನು ಮಾತ್ರ ಮೇಲಕ್ಕೆ ಕೊಟ್ಟು, ತಯಾರಾಗಿ ಬಂದ ಆಬ್ಜೆಕ್ಟಿಗೆ ಬಂದರಿನ ಹೆಸರು ಸೇರಿಸಿ ಹಿಂದಿರುಗಿಸಬೇಕು.

2018ರ ಪೈಥಾನ್ 3.7ರಲ್ಲಿ ಬಂದ ಡೇಟಾಕ್ಲಾಸ್ ಬಳಸುವವರಿಗೆ ಇನಿಟ್ ತಾನಾಗಿ ಸಿಗುತ್ತದೆ. ಅಲ್ಲಿ ಮೂಲ ಕ್ಲಾಸಿನ ಹೆಸರುಗಳು ಮೊದಲು, ಸಬ್‌ಕ್ಲಾಸಿನವು ಆಮೇಲೆ ಬರುವುದರಿಂದ, ಮೂಲದಲ್ಲಿ ಒಂದಕ್ಕೆ ಡೀಫಾಲ್ಟ್ ಇದ್ದು ಸಬ್‌ಕ್ಲಾಸಿನ ಹೊಸ ಹೆಸರಿಗೆ ಇಲ್ಲದಿದ್ದರೆ ಕ್ಲಾಸೇ ತಯಾರಾಗುವುದಿಲ್ಲ. 2021ರ 3.10ರಿಂದ ಹೆಸರಿನಿಂದಲೇ ಕೊಡಬೇಕೆಂಬ ಆಯ್ಕೆಯನ್ನು ಡೇಟಾಕ್ಲಾಸಿಗೂ ಹಾಕಬಹುದಾದ್ದರಿಂದ ಈ ತೊಡಕು ನಿವಾರಣೆಯಾಗುತ್ತದೆ. ತಾನಾಗಿ ತಯಾರಾದ ಇನಿಟ್ ಮೂಲ ಕ್ಲಾಸಿನ ಇನಿಟ್ ಅನ್ನು ಕರೆಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಮೂಲ ಕ್ಲಾಸ್ ಡೇಟಾಕ್ಲಾಸ್ ಅಲ್ಲದೆ ಕೈಯಲ್ಲಿ ಬರೆದದ್ದಾಗಿದ್ದರೆ ಆ ಕರೆಯನ್ನು ಪೋಸ್ಟ್ ಇನಿಟ್ ಮೆಥಡಿನಲ್ಲಿ ನಾವೇ ಮಾಡಬೇಕು.

ಕಡತದಿಂದ ದೋಣಿ ಮಾಡುವಾಗ

ಸಬ್‌ಕ್ಲಾಸಿನ ವಸ್ತುವನ್ನು ಮೂಲ ಕ್ಲಾಸಿನ ವಸ್ತುವಿನ ಜಾಗದಲ್ಲಿ ಇಟ್ಟರೂ ಪ್ರೋಗ್ರಾಂ ಕೆಡಬಾರದು ಎಂಬ ನಿಯಮವನ್ನು ಬಾರ್ಬರಾ ಲಿಸ್ಕೋವ್ ಅವರ ಹೆಸರಿನಿಂದ ಕರೆಯುತ್ತಾರೆ. ಆ ನಿಯಮ ತಯಾರಾದ ವಸ್ತುವಿಗೆ ಸಲ್ಲುತ್ತದೆ, ತಯಾರಿಸುವ ವಿಧಾನಕ್ಕೆ ಸಲ್ಲುವುದಿಲ್ಲ. ನಾಡದೋಣಿ ಮೂರೇ ಆರ್ಗ್ಯುಮೆಂಟ್ ಕೇಳಿದ್ದು ಅದರ ಉಲ್ಲಂಘನೆಯಲ್ಲ. ಆದರೆ ಎಕ್ಸೆಲ್‌ನಿಂದ ತೆಗೆದ ಸಾಲನ್ನು ಓದಿ ದೋಣಿ ಮಾಡುವ ಕ್ಲಾಸ್ ಮೆಥಡ್ ಒಂದನ್ನು ಮೂಲ ಕ್ಲಾಸಿನಲ್ಲಿ ಬರೆದಿದ್ದರೆ, ಅದು ತನಗೆ ಸಿಕ್ಕಿದ ಕ್ಲಾಸಿಗೆ ಐದು ಆರ್ಗ್ಯುಮೆಂಟ್ ಕೊಟ್ಟು ಕರೆಯುತ್ತದೆ. ಅದೇ ಮೆಥಡನ್ನು ನಾಡದೋಣಿಯ ಮೂಲಕ ಕರೆದಾಗ ಎರರ್ ಬರುತ್ತದೆ. ನಾನು ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ, ಸಾಲಿನಿಂದ ಯಾವ ಯಾವ ಕಾಲಂ ತನಗೆ ಬೇಕು ಎಂದು ಹೇಳುವ ಪಟ್ಟಿಯನ್ನು ಪ್ರತಿ ಕ್ಲಾಸಿನಲ್ಲಿಯೂ ಇಟ್ಟು, ಓದುವ ಮೆಥಡ್ ಆ ಪಟ್ಟಿಯ ಪ್ರಕಾರ ಹೆಸರಿನಿಂದ ಆರ್ಗ್ಯುಮೆಂಟ್ ಕೊಡುವಂತೆ ಮಾಡುವುದು.

ಆರ್ಗ್ಯುಮೆಂಟುಗಳು ಏಳೆಂಟು ದಾಟಿದಾಗ ದಾಟಿಸುವ ಕಲೆಯನ್ನು ಬದಿಗಿಟ್ಟು ಪಟ್ಟಿಯನ್ನೇ ಮತ್ತೊಮ್ಮೆ ನೋಡಬೇಕು. ಎಂಜಿನ್ನಿನ ಕಂಪನಿ, ಅಶ್ವಶಕ್ತಿ, ಕೊಂಡ ವರ್ಷ ಇವು ಯಾವಾಗಲೂ ಜೊತೆಯಾಗಿಯೇ ಓಡಾಡುತ್ತವೆ. ಎಂಜಿನ್ ಬದಲಾದರೆ ಮೂರೂ ಒಟ್ಟಿಗೆ ಬದಲಾಗುತ್ತವೆ, ದೋಣಿ ಅದೇ ಉಳಿಯುತ್ತದೆ. ಅವನ್ನು ಎಂಜಿನ್ ಎಂಬ ಬೇರೆ ಕ್ಲಾಸಿಗೆ ಕೊಟ್ಟು, ದೋಣಿಯ ಕನ್‌ಸ್ಟ್ರಕ್ಟರ್‌ಗೆ ತಯಾರಾದ ಎಂಜಿನ್ ಒಂದನ್ನೇ ಕೊಟ್ಟರೆ ಮೂರು ಆರ್ಗ್ಯುಮೆಂಟುಗಳ ಜಾಗದಲ್ಲಿ ಒಂದು ಉಳಿಯುತ್ತದೆ. ನಾಡದೋಣಿಯ ನಿಷೇಧದ ಲೆಕ್ಕ ಆಗ ಎಂಜಿನ್.ಅಶ್ವಶಕ್ತಿ > 10 ಎಂದಾಗುತ್ತದೆ. ಐಸ್ ಕೋಣೆಯನ್ನೂ ಇದೇ ರೀತಿ ಒಂದು ವಸ್ತುವಾಗಿ ದೋಣಿಯ ಒಳಗೆ ಇಟ್ಟ ಮೇಲೆ ಎರಡು ಮೂಲ ಕ್ಲಾಸುಗಳ ಸಾಲು, ಉಳಿದವನ್ನು ದಾಟಿಸುವ ಸರಪಳಿ ಎರಡೂ ನನ್ನ ಪ್ರೋಗ್ರಾಂನಿಂದ ಹೋದವು. ಆಳಕಡಲ ಟ್ರಾಲರ್ ಎಂಬ ಕ್ಲಾಸ್ ಈಗ ಅಲ್ಲಿ ಇಲ್ಲ. ಐಸ್ ಕೋಣೆ ಇರುವ ಟ್ರಾಲರ್ ಮಾತ್ರ ಇದೆ.